ಸ್ಕ್ಯಾನ್ ನಾರ್ಮಲ್, ಮರೆವು ನಿಜ: ಬ್ಲೌಸ್ ಹೊಲಿಯುವ ಮಹಿಳೆಯೊಬ್ಬರ ಖಿನ್ನತೆಯ ಪ್ರಕರಣ

ಮರೆವಿನ ದೂರು ಹೊತ್ತು ಬರುವ ಮಧ್ಯವಯಸ್ಕರಲ್ಲಿ ಅನೇಕರ ಕೈಯಲ್ಲಿ ಒಂದು ಎಂಆರ್‌ಐ ವರದಿ ಇರುತ್ತದೆ. ಮಿದುಳಿನಲ್ಲಿ ಏನೂ ತೊಂದರೆ ಇಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ರೋಗಿಗೆ ಮಾತ್ರ ಅದು ತನ್ನ ಮೇಲೆ ಹೊರಿಸಿದ ಆಪಾದನೆಯಂತೆ ಕೇಳಿಸುತ್ತದೆ: ಏನೂ ಇಲ್ಲದಿದ್ದರೆ ಇವಳು ನಾಟಕ ಆಡುತ್ತಿದ್ದಾಳೆ ಎಂದಾಯಿತಲ್ಲ!

ಇಲ್ಲಿ ಬರೆಯುತ್ತಿರುವ ಪ್ರಕರಣವೂ ಅಂಥದ್ದೇ ಒಂದು ವರದಿಯೊಂದಿಗೆ ಬಂತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯೆಯಾಗಿ ನಾನು ಮಂಗಳವಾರಗಳಂದು ಹೋಗುತ್ತಿದ್ದ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನೋಡಿದ್ದು. ರೋಗಿಯ ಮತ್ತು ಅವರ ಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಕುಟುಂಬದ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಅವರನ್ನು ಶಾರದಮ್ಮ ಎಂದು ಕರೆಯೋಣ.

ಹಿನ್ನೆಲೆ

ಶಾರದಮ್ಮನ ವಯಸ್ಸು ಆಗ 48ರ ಆಸುಪಾಸು. ಮನೆಯ ಮುಂದಿನ ಕೋಣೆಯಲ್ಲೇ ಮೆಷಿನ್ ಇಟ್ಟುಕೊಂಡು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಲೌಸ್ ಹೊಲಿದವರು. ಊರಿನಲ್ಲಿ ಅವರ ಫಿಟ್ಟಿಂಗಿಗೆ ಹೆಸರಿತ್ತು. ಅಳತೆ ಬ್ಲೌಸ್ ತಂದುಕೊಟ್ಟರೆ ಒಪ್ಪುತ್ತಿರಲಿಲ್ಲವಂತೆ, "ನೀವೇ ಬನ್ನಿ" ಎನ್ನುತ್ತಿದ್ದರಂತೆ. ಟೇಪ್ ಹಿಡಿದು ಭುಜ, ಎದೆಸುತ್ತು, ಸೊಂಟ, ತೋಳಿನ ಉದ್ದ, ತೋಳಿನ ಸುತ್ತು, ಮುಂದಿನ ಕತ್ತು, ಹಿಂದಿನ ಕತ್ತು ಹೀಗೆ ಒಂದರ ಹಿಂದೆ ಒಂದು ಅಳೆಯುತ್ತಾ, ಬಂದವರ ಜೊತೆ ಮಾತೂ ಆಡುತ್ತಾ, ಎಲ್ಲ ಮುಗಿದ ಮೇಲೆ ಅಷ್ಟೂ ಅಂಕಿಗಳನ್ನು ಒಟ್ಟಿಗೆ ಪುಸ್ತಕಕ್ಕೆ ಇಳಿಸುವುದು ಅವರ ರೂಢಿ. ಇದನ್ನು ನಾನು ವಿವರವಾಗಿ ಕೇಳಿ ಬರೆದುಕೊಂಡೆ. ಏಳೆಂಟು ಅಂಕಿಗಳನ್ನು ಮಾತಿನ ನಡುವೆಯೂ ತಲೆಯಲ್ಲಿ ಹಿಡಿದಿಡುವುದು ಮಿದುಳಿನ ಮುಂಭಾಗದ ಪ್ರೀಫ್ರಂಟಲ್ ಕಾರ್ಟೆಕ್ಸ್‌ ಮಾಡುವ ಕೆಲಸ. ಆಮೇಲೆ ಹದಗೆಟ್ಟದ್ದೂ ಅದೇ.

ಗಂಡ ಸರಕು ಸಾಗಿಸುವ ಆಟೋ ಓಡಿಸುತ್ತಿದ್ದರು. ಅಪಘಾತದಲ್ಲಿ ಕಾಲಿಗೆ ಪೆಟ್ಟಾಗಿ ದುಡಿಮೆ ನಿಂತಿತು. ಆಸ್ಪತ್ರೆ ಖರ್ಚಿಗೆ ಒಂದು ಮೈಕ್ರೋಫೈನಾನ್ಸ್ ಸಾಲ, ಅದರ ಕಂತು ಕಟ್ಟಲು ಇನ್ನೊಂದು, ಅದನ್ನು ತೀರಿಸಲು ಮತ್ತೊಂದು. ವಾರದಲ್ಲಿ ಮೂರು ದಿನ ಒಂದಲ್ಲ ಒಂದು ಕಂತಿನ ಗಡುವು. ಕಟ್ಟಲಾಗದ ವಾರಗಳಲ್ಲಿ ವಸೂಲಿಗೆ ಬರುವವರು ಯಾವ ಹೊತ್ತಿಗೆ ಬರುತ್ತಾರೆಂದು ಹೇಳುವಂತಿರಲಿಲ್ಲ. ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದದ್ದಿದೆ, ರಾತ್ರಿ ಊಟದ ಹೊತ್ತಿಗೆ ಬಂದದ್ದಿದೆ. ಒಬ್ಬರು ಕಟ್ಟದಿದ್ದರೆ ಗುಂಪಿನವರೆಲ್ಲ ಹೊಣೆ ಎಂಬ ಕಟ್ಟಳೆಯಿಂದಾಗಿ ಗುಂಪಿನ ಹೆಂಗಸರೂ ಬಂದು ಜಗಲಿಯ ಮೇಲೆ ಕೂರುತ್ತಿದ್ದರು. ಅವರಲ್ಲಿ ಹೆಚ್ಚಿನವರು ಶಾರದಮ್ಮನ ಗಿರಾಕಿಗಳೇ.

ಹೀಗೆ ವರ್ಷ ಕಳೆಯಿತು. ನಿದ್ದೆ ಮೊದಲು ಕೆಟ್ಟಿತು, ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ಊಟ ಸೇರಲಿಲ್ಲ. ಧಾರಾವಾಹಿ ನೋಡುವುದು, ಅಕ್ಕಪಕ್ಕದವರ ಜೊತೆ ಹರಟೆ, ಎಲ್ಲ ಬಿಟ್ಟುಹೋಯಿತು. ಅಳತೆ ಮರೆಯತೊಡಗಿತು. ಕೊನೆಗೆ ಒಂದು ಮದುವೆಯ ಧಾರೆ ಸೀರೆಯ ಬ್ಲೌಸ್ ಪೀಸಿನಲ್ಲಿ ಹಿಂದಿನ ಕತ್ತಿನ ಆಳವನ್ನು ಮುಂದಿನ ಭಾಗಕ್ಕೆ ಕತ್ತರಿಸಿಬಿಟ್ಟರು. ಆ ಬಟ್ಟೆಗೆ ಪರ್ಯಾಯವಿರಲಿಲ್ಲ. ಅವತ್ತು ಮೆಷಿನ್ ಮೇಲೆ ಹೊದಿಕೆ ಹಾಕಿದವರು ಮತ್ತೆ ತೆಗೆಯಲಿಲ್ಲ.

ಸಮಸ್ಯೆ ಯಾವುದು?

ಮಗಳು ಆತಂಕಗೊಂಡದ್ದು ಮರೆವಿನ ಬಗ್ಗೆ. ಅಜ್ಜಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತಂತೆ, ಅಮ್ಮನಿಗೂ ಅದೇ ಶುರುವಾಯಿತೇ ಎಂಬ ಭಯ. ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿದರು. ಅದಕ್ಕೂ ಸಾಲವೇ. ವರದಿ ನಾರ್ಮಲ್. ಟೆನ್ಷನ್ ಮಾಡಿಕೊಳ್ಳಬೇಡಿ ಎಂಬ ಬುದ್ಧಿಮಾತು, ಜೊತೆಗೆ ನಿದ್ದೆಗೆಂದು ಆಲ್ಪ್ರಜೋಲಾಮ್. ಆ ಚೀಟಿ ತೋರಿಸಿ ಅಂಗಡಿಯಿಂದ ತಿಂಗಳುಗಟ್ಟಲೆ ಅದೇ ಮಾತ್ರೆ ತಂದು ನುಂಗಿದ್ದರು. ಮರೆವು ಇನ್ನಷ್ಟು ಹೆಚ್ಚಿತು.

ನಮ್ಮಲ್ಲಿಗೆ ಬಂದಾಗ ಅವರು ಮಾತನಾಡಿದ್ದು ಕಡಿಮೆ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಬಹಳ ಹೊತ್ತು ಕಾಯಬೇಕಿತ್ತು. ಹೆಚ್ಚಿನವಕ್ಕೆ "ಗೊತ್ತಾಗ್ತಿಲ್ಲ ಮೇಡಂ" ಎಂಬ ಉತ್ತರ. ನೂರು ರೂಪಾಯಿಯಲ್ಲಿ ಏಳೇಳು ಕಳೆಯುತ್ತಾ ಹೋಗಿ ಎಂದರೆ ಎರಡನೇ ಹೆಜ್ಜೆಗೆ ನಿಂತರು. ಮೂರು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳಿದಾಗ ಒಂದನ್ನೇ ಹೇಳಿದರು. ಆದರೆ "ಅದೊಂದು ಹೂವು" ಎಂದು ಸುಳಿವು ಕೊಟ್ಟಾಗ ಎರಡನೆಯದೂ ಬಂತು, ಇನ್ನೊಂದು ಸುಳಿವಿಗೆ ಮೂರನೆಯದೂ ಬಂತು.

ರೋಗನಿರ್ಣಯದ ದಾರಿ ತಿರುಗಿದ್ದು ಇಲ್ಲಿ. ಆಲ್ಜೈಮರ್‌ನಂಥ ಮರೆವಿನ ಕಾಯಿಲೆಯಲ್ಲಿ ಹೊಸ ವಿಷಯ ದಾಖಲಾಗುವುದೇ ಇಲ್ಲ, ಹಾಗಾಗಿ ಸುಳಿವು ಕೊಟ್ಟರೂ ಸಾಮಾನ್ಯವಾಗಿ ಪ್ರಯೋಜನವಾಗುವುದಿಲ್ಲ. ಆ ರೋಗಿಗಳು ಮರೆವನ್ನು ಮುಚ್ಚಿಡಲು ನೋಡುತ್ತಾರೆ, ಏನಾದರೊಂದು ಉತ್ತರ ಹೇಳಿ ದಾಟಿಸುತ್ತಾರೆ, ದೂರು ತರುವವರು ಮನೆಯವರು. ಶಾರದಮ್ಮ ತಮ್ಮ ಒಂದೊಂದು ಮರೆವನ್ನೂ ದಿನಾಂಕ ಸಮೇತ ನೆನಪಿಟ್ಟು ಹೇಳುತ್ತಿದ್ದರು. ಖಿನ್ನತೆಯಲ್ಲಿ ಕಾಣುವ ಮರೆವಿನ ಚಹರೆ ಇದೇ. ಖಿನ್ನತೆ ಹೆಚ್ಚಿದಷ್ಟೂ ಅಂಕ ಹೆಚ್ಚು ಬರುವ, ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಅವರ ಅಂಕ 27ಕ್ಕೆ 19 ಬಂತು. ಥೈರಾಯ್ಡ್, ಸಕ್ಕರೆ, ರಕ್ತಹೀನತೆ, ಬಿ12 ಇಷ್ಟನ್ನು ಪರೀಕ್ಷಿಸಿದೆವು. ಬಿ12 ಸ್ವಲ್ಪ ಕಡಿಮೆ ಇತ್ತು, ಅದಕ್ಕೆ ಔಷಧಿ ಕೊಟ್ಟೆವು. ಉಳಿದವು ಸರಿಯಿದ್ದವು.

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಕೇಳಿದಾಗ ಹೆಚ್ಚಿನವರಿಗೆ ಭಾರ ಇಳಿದಂತಾಗುತ್ತದೆ. "ಮಲಗಿದೋಳು ಏಳದಿದ್ರೆ ಸಾಕು ಅನ್ಸುತ್ತೆ, ನಾನಾಗೇ ಏನೂ ಮಾಡ್ಕೊಳಲ್ಲ" ಎಂದರು. ಮಾತ್ರೆಗಳೆಲ್ಲ ಮಗಳ ವಶದಲ್ಲಿರಬೇಕು, ಅಮ್ಮನನ್ನು ಒಂಟಿಯಾಗಿ ಬಿಡಬಾರದು, ಯಾವ ಹೊತ್ತಿನಲ್ಲಾದರೂ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು ಎಂದು ಮಗಳಿಗೆ ಬರೆದುಕೊಟ್ಟೆವು.

"ನನ್ನ ಮಿದುಳು ಸವೆದೋಗಿದ್ಯಾ?"

ಎರಡನೇ ಭೇಟಿಯಲ್ಲಿ ಅವರೇ ಕೇಳಿದ ಪ್ರಶ್ನೆ ಇದು. ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಎಂದಮೇಲೆ ನಿಮಗೆ ಏನೂ ಆಗಿಲ್ಲ ಎನ್ನುವುದು ಸುಲಭವಿತ್ತು. ಅದು ಸುಳ್ಳಾಗುತ್ತಿತ್ತು. ಸತ್ಯ ಹೇಳುವುದಕ್ಕೆ ಅವರದೇ ಕಸುಬು ನೆರವಿಗೆ ಬಂತು: ಬಟ್ಟೆ ಹರಿದಿಲ್ಲ ಅಮ್ಮ, ಅಲ್ಲಲ್ಲಿ ಹೊಲಿಗೆ ಬಿಟ್ಟಿದೆ, ಹೊಲಿಗೆ ಎಷ್ಟು ಸಣ್ಣದೆಂದರೆ ಈ ಸ್ಕ್ಯಾನ್‌ಗೆ ಅದು ಕಾಣುವುದಿಲ್ಲ ಎಂದೆ.

ಓದುಗರಿಗೆ ಇದನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದು ನರಕೋಶವೂ ಸಾವಿರಾರು ಇತರ ನರಕೋಶಗಳೊಡನೆ ಸಂಪರ್ಕದಲ್ಲಿರುತ್ತದೆ. ಈ ಸಂಪರ್ಕದ ತಾಣವೇ ಸಿನಾಪ್ಸ್. ಸಂದೇಶ ಪಡೆಯುವ ಕೋಶದ ರೆಂಬೆಗಳ ಮೇಲೆ ಅತಿ ಪುಟ್ಟ ಚಾಚುಗಳಿರುತ್ತವೆ, ಅವನ್ನು ಸ್ಪೈನ್ ಎನ್ನುತ್ತಾರೆ. ಬಹುಪಾಲು ಪ್ರಚೋದಕ ಸಿನಾಪ್ಸ್‌ಗಳು ಕುಳಿತಿರುವುದು ಇವುಗಳ ಮೇಲೆ. ಒಂದು ಸ್ಪೈನ್‌ನ ಉದ್ದ ಮಿಲಿಮೀಟರಿನ ಸಾವಿರದ ಒಂದೆರಡು ಪಾಲು. ಆಸ್ಪತ್ರೆಯ ಎಂಆರ್‌ಐ ಬಿಡಿಸಿ ತೋರಿಸುವುದು ಸುಮಾರು ಒಂದು ಮಿಲಿಮೀಟರ್ ಗಾತ್ರದ ವಿವರಗಳನ್ನು. ಅಷ್ಟು ಜಾಗದಲ್ಲಿ ಕೋಟ್ಯಂತರ ಸಿನಾಪ್ಸ್‌ಗಳಿರುತ್ತವೆ. ಗೆಡ್ಡೆ, ರಕ್ತಸ್ರಾವ, ಪಾರ್ಶ್ವವಾಯುವಿನ ಗುರುತು ಇಲ್ಲವೆಂದು ಅದು ಖಚಿತವಾಗಿ ಹೇಳಬಲ್ಲದು. ಸಿನಾಪ್ಸ್‌ಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಒತ್ತಡಕ್ಕೂ ನೆನಪಿಗೂ ಇರುವ ನಂಟಿನ ಹುಡುಕಾಟ ಹಳೆಯದು. ಒತ್ತಡದಲ್ಲಿ ಸ್ರವಿಸುವ ಹಾರ್ಮೋನು ಇಲಿಗಳ ಮಿದುಳಿನ ಹಿಪೊಕ್ಯಾಂಪಸ್‌ನಲ್ಲಿ, ಅಂದರೆ ನೆನಪನ್ನು ದಾಖಲಿಸುವ ಭಾಗದಲ್ಲಿ ಹೋಗಿ ಕೂರುತ್ತದೆ ಎಂದು ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್‌ಯೂವನ್ ತಂಡ 1968ರಲ್ಲೇ ತೋರಿಸಿತ್ತು. ದಿನವೂ ಕೆಲವು ಗಂಟೆಗಳಂತೆ ಮೂರು ವಾರ ಇಲಿಗಳನ್ನು ಅಲುಗದಂತೆ ಕೂಡಿಟ್ಟರೆ ಅಲ್ಲಿನ ನರಕೋಶಗಳ ರೆಂಬೆಗಳು ಮೊಟಕಾಗುತ್ತವೆ ಎಂದು 1992ರಲ್ಲಿ ಅದೇ ಪ್ರಯೋಗಾಲಯದಿಂದ ವರದಿಯಾಯಿತು. ಕಾರ್ಟಿಸಾಲ್ ಗುಂಪಿನ ಹಾರ್ಮೋನುಗಳ ಏರಿಕೆ, ಗ್ಲುಟಮೇಟ್ ಎಂಬ ಸಂದೇಶವಾಹಕದ ಅತಿರೇಕ, ಸಿನಾಪ್ಸ್‌ಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನಿನ ಇಳಿಕೆ, ಇವೆಲ್ಲ ಇದರ ಹಿಂದೆ ಕೆಲಸ ಮಾಡುತ್ತವೆ. ಮನುಷ್ಯರ ವಿಷಯಕ್ಕೆ ಬಂದರೆ, ಖಿನ್ನತೆಯಿದ್ದು ತೀರಿಕೊಂಡವರ ಪ್ರೀಫ್ರಂಟಲ್ ಕಾರ್ಟೆಕ್ಸ್‌ನಲ್ಲಿ ಸಿನಾಪ್ಸ್‌ಗಳೂ ಅವನ್ನು ಕಟ್ಟುವ ಜೀನ್‌ಗಳ ಚಟುವಟಿಕೆಯೂ ಕಡಿಮೆಯಾಗಿದ್ದನ್ನು 2012ರಲ್ಲಿ ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಡ್ಯೂಮನ್ ತಂಡ ಪ್ರಕಟಿಸಿತು. 2019ರಲ್ಲಿ ಯೇಲ್‌ನ ಸಂಶೋಧಕರೇ ಜೀವಂತ ವ್ಯಕ್ತಿಗಳಲ್ಲಿ ವಿಶೇಷ ಪೆಟ್ ಸ್ಕ್ಯಾನ್ ಬಳಸಿ ನೋಡಿದಾಗ, ಖಿನ್ನತೆಯ ಲಕ್ಷಣಗಳು ತೀವ್ರವಾಗಿದ್ದವರಲ್ಲಿ ಸಿನಾಪ್ಸ್ ಸಾಂದ್ರತೆ ಕಡಿಮೆಯಿತ್ತು.

ಶಾರದಮ್ಮನ ಸಿನಾಪ್ಸ್‌ಗಳನ್ನು ಯಾರೂ ಎಣಿಸಿಲ್ಲ. ಅಂಥ ಪೆಟ್ ಸ್ಕ್ಯಾನ್ ಸಂಶೋಧನೆಗೆ ಸೀಮಿತ, ಚಿಕಿತ್ಸೆ ಕೊಡಲು ಅದರ ಅಗತ್ಯವೂ ಇಲ್ಲ. ಇಲಿಯಲ್ಲಿ ಕಂಡದ್ದನ್ನು ಒಬ್ಬ ಮನುಷ್ಯರ ಮೇಲೆ ಹಾಗೆಯೇ ಹೇರಬಾರದೆಂಬ ಎಚ್ಚರ ಇರಬೇಕು. ಅಷ್ಟನ್ನು ಒಪ್ಪಿಕೊಂಡೂ, ಈ ತಿಳಿವಳಿಕೆ ಚಿಕಿತ್ಸೆಯ ಒಂದೊಂದು ತಿರುವಿನಲ್ಲೂ ನಮಗೆ ದಾರಿ ತೋರಿಸಿತು ಎಂದು ಧೈರ್ಯವಾಗಿ ಹೇಳುತ್ತೇನೆ. ಮೊದಲ ಲಾಭ ಅವತ್ತೇ ಸಿಕ್ಕಿತು. ಹೊಲಿಗೆಯ ಮಾತು ಕೇಳಿದ ಶಾರದಮ್ಮ ಬಹಳ ಹೊತ್ತಿನ ಮೇಲೆ ಮಗಳ ಕಡೆ ತಿರುಗಿ, "ನೋಡ್ದ್ಯಾ, ನಾನ್ ಸುಮ್ನೆ ಹೇಳ್ತಿರ್ಲಿಲ್ಲ" ಎಂದರು. ಆವರೆಗೆ ಅವರು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳಲು ಒಪ್ಪಿರಲಿಲ್ಲ.

ಏನೇನು ಮಾಡಿದೆವು

ಮೊದಲ ತೀರ್ಮಾನ ಆಲ್ಪ್ರಜೋಲಾಮ್ ಬಗ್ಗೆ. ಆ ಗುಂಪಿನ ಮಾತ್ರೆಗಳು ಹೊಸ ನೆನಪು ಮೂಡುವುದಕ್ಕೆ ಅಡ್ಡಿ ಮಾಡುತ್ತವೆ. ಹಾಗೆಂದು ದಿಢೀರನೆ ನಿಲ್ಲಿಸಿದರೆ ನಡುಕ, ತೀವ್ರ ಆತಂಕ, ಕೆಲವರಲ್ಲಿ ಫಿಟ್ಸ್ ಕೂಡ ಬರಬಹುದು. ವಾರಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವೇ ಇಳಿಸಿದೆವು. ಜೊತೆಗೆ ಎಸ್ಸಿಟಲೋಪ್ರಾಮ್ ಎಂಬ ಖಿನ್ನತೆ ಶಮನದ ಔಷಧಿಯನ್ನು 5 ಮಿಲಿಗ್ರಾಂನಲ್ಲಿ ಶುರುಮಾಡಿ 10ಕ್ಕೆ ಏರಿಸಿದೆವು. ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಇರಬಹುದು, ಮನಸ್ಸಿಗೆ ಹಿತವೆನಿಸಲು ಎರಡರಿಂದ ನಾಲ್ಕು ವಾರ ಬೇಕು ಎಂದು ಮೊದಲೇ ಹೇಳಿದೆವು. ಇದನ್ನು ಹೇಳದೆ ಮಾತ್ರೆ ಕೊಟ್ಟರೆ ಎಷ್ಟೋ ಜನ ಐದನೇ ದಿನಕ್ಕೆ ಬಿಟ್ಟುಬಿಡುತ್ತಾರೆ.

ಎರಡನೆಯದು ಸಾಲದ ಪ್ರಶ್ನೆ. ಇದು ವೈದ್ಯರ ಕೆಲಸವಲ್ಲ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪ್ರಯೋಗಾಲಯದಲ್ಲಿ ಇಲಿಗಳಿಗೆ ಖಿನ್ನತೆಯಂಥ ಸ್ಥಿತಿ ತರಲು ಬಳಸುವ ಒಂದು ವಿಧಾನವೆಂದರೆ ಯಾವಾಗ ಬರುತ್ತದೆಂದು ಊಹಿಸಲಾಗದ ಸಣ್ಣಪುಟ್ಟ ಕಿರುಕುಳಗಳನ್ನು ವಾರಗಟ್ಟಲೆ ಕೊಡುವುದು. ಯಾವ ಹೊತ್ತಿಗೆ ಬಾಗಿಲು ಬಡಿಯುತ್ತಾರೋ ತಿಳಿಯದ ಮನೆಯಲ್ಲಿ ಬದುಕುವುದು ಅದಕ್ಕಿಂತ ಬೇರೆಯೇನಲ್ಲ. ಒತ್ತಡದ ಮೂಲ ಹಾಗೇ ಇದ್ದರೆ ಮಾತ್ರೆ ಒಂದು ಕಡೆ ಕಟ್ಟಿದ್ದನ್ನು ಅದು ಇನ್ನೊಂದು ಕಡೆ ಕೆಡವುತ್ತದೆ. ಬಲವಂತದ ಸಾಲ ವಸೂಲಿಯನ್ನು ತಡೆಯುವ ರಾಜ್ಯದ ಸುಗ್ರೀವಾಜ್ಞೆ ಬಂದದ್ದು 2025ರ ಫೆಬ್ರುವರಿಯಲ್ಲಿ, ಇದು ಅದಕ್ಕಿಂತ ಹಿಂದಿನ ಮಾತು. ಆದರೂ ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಸಾಲಗಾರರಿಗೆ ಕರೆ ಮಾಡಿ ಪೀಡಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ 2022ರ ಮೈಕ್ರೋಫೈನಾನ್ಸ್ ನಿರ್ದೇಶನಗಳು ಹೇಳಿದ್ದವು. ನಮ್ಮ ಸಮಾಜ ಕಾರ್ಯಕರ್ತೆ ಮಗಳನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸಿದರು. ಅಲ್ಲಿ ಕೂತು ಮಾತನಾಡಿದ ಮೇಲೆ ಎರಡು ಸಾಲಗಳ ಕಂತನ್ನು ತಿಂಗಳಿಗೊಮ್ಮೆಗೆ ಮರುಹೊಂದಿಸಲು ಒಪ್ಪಿದರು. ಮೂರನೆಯವರು ಕಂತು ಇಳಿಸಲಿಲ್ಲ, ಮನೆಗೆ ಬರುವುದನ್ನು ಮಾತ್ರ ನಿಲ್ಲಿಸಿದರು. ಸಾಲ ಒಂದು ರೂಪಾಯಿಯೂ ಕಡಿಮೆಯಾಗಿರಲಿಲ್ಲ. ಯಾವ ದಿನ ಎಷ್ಟು ಕಟ್ಟಬೇಕು ಎಂಬುದು ಮಾತ್ರ ಗೊತ್ತಾಗಿತ್ತು. ಅಷ್ಟಕ್ಕೇ ನಿದ್ದೆ ಸುಧಾರಿಸಿತು.

ಮೂರನೆಯದು ಕೆಲಸ. ಮನೆಯವರು ಅವರಿಗೆ ಪೂರ್ತಿ ವಿಶ್ರಾಂತಿ ಕೊಡಬೇಕೆಂದಿದ್ದರು. ನಾವು ಬೇಡವೆಂದೆವು. ಬಳಕೆಯಲ್ಲಿರುವ ಸಿನಾಪ್ಸ್‌ಗಳು ಗಟ್ಟಿಯಾಗುತ್ತವೆ, ಬಳಸದವು ಸಡಿಲವಾಗುತ್ತವೆ. ಖಿನ್ನತೆ ಶಮನದ ಔಷಧಿಗಳು ಮಿದುಳನ್ನು ಹೊಸ ಕಲಿಕೆಗೆ ಹದಗೊಳಿಸುತ್ತವೆ ಎಂಬುದಕ್ಕೆ ಪ್ರಾಣಿಗಳ ಅಧ್ಯಯನಗಳಲ್ಲಿ ಸಾಕಷ್ಟು ಆಧಾರವಿದೆ. ಹದವಾದ ನೆಲದಲ್ಲಿ ಏನಾದರೂ ಬಿತ್ತಬೇಕಲ್ಲವೇ? ಆದರೆ ನೇರವಾಗಿ ಬ್ಲೌಸ್ ಕತ್ತರಿಸಲು ಕೂರಿಸಿದರೆ ಇನ್ನೊಂದು ತಪ್ಪಾಗಿ ಆತ್ಮವಿಶ್ವಾಸ ಪೂರ್ತಿ ಕುಸಿಯುವ ಅಪಾಯವಿತ್ತು. ಹಾಗಾಗಿ ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದೆವು, ಜೋಡಣೆಯ ಬಹುಪಾಲು ಅವರದೇ. ಮೊದಲು ಸೀರೆಗೆ ಕುಚ್ಚು ಕಟ್ಟುವುದು, ಅಳತೆಯ ಗೊಡವೆಯಿಲ್ಲ, ಕೈ ತಾನಾಗಿ ನಡೆಯುತ್ತದೆ. ಆಮೇಲೆ ಫಾಲ್ ಹಾಕುವುದು. ಆಮೇಲೆ ಹಳೆಯ ಪೇಪರಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸುವ ಅಭ್ಯಾಸ. ಆಮೇಲೆ ಮಗಳದೇ ಹತ್ತಿ ಬ್ಲೌಸ್. ಅಳತೆಯನ್ನು ತಲೆಯಲ್ಲಿ ಹಿಡಿಯದೆ ಒಂದೊಂದು ಅಳೆದಾಗಲೂ ಆಗಲೇ ಬರೆಯುವುದು ಎಂಬ ಹೊಸ ನಿಯಮವನ್ನು ಅವರು ಇಷ್ಟಪಡಲಿಲ್ಲ, "ಕಲಿಯೋಕ್ ಬಂದಿರೋ ಹುಡ್ಗೀರ್ ಮಾಡೋದಿದು" ಎಂದು ಗೊಣಗಿದರು. ಗೊಣಗುವಷ್ಟು ಚೈತನ್ಯ ಬಂದದ್ದು ನಮಗೆ ಸಂತೋಷವೇ. ಇದಲ್ಲದೆ ಬೆಳಗ್ಗೆ ಅರ್ಧ ಗಂಟೆ ನಡಿಗೆ, ಹಗಲು ನಿದ್ದೆ ಬೇಡ, ಇಷ್ಟನ್ನು ಸೇರಿಸಿದೆವು.

ನಾಲ್ಕನೇ ವಾರಕ್ಕೆ ಅಂಕ 14ಕ್ಕೆ ಇಳಿಯಿತು, ಮೂರನೇ ತಿಂಗಳಿಗೆ 6. ಸುಳಿವಿಲ್ಲದೆ ಮೂರೂ ಪದ ಹೇಳಿದರು. ನ್ಯೂಯಾರ್ಕ್‌ನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ನೆನಪಾಗುತ್ತದೆ. ದೊಡ್ಡ ಪರೀಕ್ಷೆಯ ತಯಾರಿಯ ಒತ್ತಡದಲ್ಲಿದ್ದವರಿಗೆ ಗಮನವನ್ನು ಒಂದರಿಂದ ಇನ್ನೊಂದಕ್ಕೆ ಹೊರಳಿಸುವುದು ಕಷ್ಟವಾಗಿತ್ತು, ಪ್ರೀಫ್ರಂಟಲ್ ಭಾಗದ ಸಂಪರ್ಕವೂ ಕುಂದಿತ್ತು. ಪರೀಕ್ಷೆ ಮುಗಿದು ಒಂದು ತಿಂಗಳಾಗುವಷ್ಟರಲ್ಲಿ ಎರಡೂ ಸರಿಹೋಗಿದ್ದವು. ಖಿನ್ನತೆ ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ, ಆದರೂ ಈ ಭಾಗಕ್ಕೆ ಚೇತರಿಸಿಕೊಳ್ಳುವ ಗುಣವಿದೆ ಎಂಬುದು ನಿಜ.

ಚೆನ್ನಾಗಿದ್ದೀನಿ ಎಂದು ನಿಲ್ಲಿಸಿದ್ದು

ಆಮೇಲೆ ಅವರು ಬರಲಿಲ್ಲ. ಮದುವೆ ಸೀಸನ್ ಶುರುವಾಗಿತ್ತು. ಮಾತ್ರೆಗೆ ಒಗ್ಗಿಹೋದರೆ ಜೀವನವಿಡೀ ನುಂಗಬೇಕಾಗುತ್ತದೆ ಎಂದು ಸಂಬಂಧಿಕರೊಬ್ಬರು ಹೇಳಿದ್ದರು. ಶಾರದಮ್ಮನಿಗೂ ಚೆನ್ನಾಗಿಯೇ ಇದ್ದೀನಲ್ಲ ಎನ್ನಿಸಿತ್ತು. ಒಂದೇ ಸಲಕ್ಕೆ ಮಾತ್ರೆ ಬಿಟ್ಟರು. ಕೆಲವು ದಿನ ತಲೆಸುತ್ತು, ಮೈಯಲ್ಲಿ ಜುಮ್ಮೆನ್ನುವ ಅನುಭವ ಇತ್ತು, ಅದನ್ನು ಲೆಕ್ಕಿಸಲಿಲ್ಲ. ಬಿಟ್ಟುಹೋದ ಗಿರಾಕಿಗಳನ್ನೆಲ್ಲ ಮರಳಿ ಪಡೆಯುವ ಆಸೆಯಿಂದ ಬಂದ ಬ್ಲೌಸ್‌ಗಳನ್ನೆಲ್ಲ ಒಪ್ಪಿಕೊಂಡು ರಾತ್ರಿ ಎರಡರವರೆಗೆ ಹೊಲಿದರು. ಒಂದೂವರೆ ತಿಂಗಳಲ್ಲಿ ಮಗಳು ಮತ್ತೆ ಕರೆತಂದಾಗ ಅಂಕ 16. ಮೂರು ಗಂಟೆಯ ಎಚ್ಚರ, ಮರೆವು, ಎಲ್ಲವೂ ವಾಪಸ್.

ಈ ಹಂತವನ್ನು ಅರ್ಥಮಾಡಿಕೊಳ್ಳಲು 2019ರ ಒಂದು ಪ್ರಯೋಗ ನನಗೆ ಬಹಳ ಸಹಾಯ ಮಾಡಿದೆ. ನರವಿಜ್ಞಾನಿ ಕಾನರ್ ಲಿಸ್ಟನ್ ಅವರ ತಂಡ ಒತ್ತಡಕ್ಕೊಳಗಾದ ಪುಟ್ಟ ಇಲಿಗಳಿಗೆ ಕೆಟಮಿನ್ ಎಂಬ, ಬೇಗ ಕೆಲಸ ಮಾಡುವ ಔಷಧಿ ಕೊಟ್ಟು ಅವುಗಳ ಪ್ರೀಫ್ರಂಟಲ್ ಕಾರ್ಟೆಕ್ಸ್ ಅನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಹೋಯಿತು. ನಡವಳಿಕೆ ಮೂರು ಗಂಟೆಯಲ್ಲೇ ಸುಧಾರಿಸಿತು. ಕಳೆದುಹೋಗಿದ್ದ ಸ್ಪೈನ್‌ಗಳು ಮರಳಿ ಹುಟ್ಟಿದ್ದು ಆಮೇಲೆ, 12ರಿಂದ 24 ಗಂಟೆಗಳ ನಡುವೆ. ಹೊಸದಾಗಿ ಹುಟ್ಟಿದ ಆ ಸ್ಪೈನ್‌ಗಳನ್ನೇ ಆಯ್ದು ಅಳಿಸಿದಾಗ ಸುಧಾರಣೆ ಉಳಿಯಲಿಲ್ಲ. ಅಂದರೆ ಲವಲವಿಕೆ ಮೊದಲು ಬರುತ್ತದೆ, ಅದನ್ನು ಉಳಿಸಿಕೊಳ್ಳುವ ಕಟ್ಟಡ ಹಿಂದಿನಿಂದ ಬರುತ್ತದೆ. ಶಾರದಮ್ಮನಿಗೆ ಕೊಟ್ಟದ್ದು ಕೆಟಮಿನ್ ಅಲ್ಲ, ಎಸ್ಸಿಟಲೋಪ್ರಾಮ್‌ನಂಥ ಔಷಧಿಗಳ ಗತಿ ಗಂಟೆಗಳದ್ದಲ್ಲ, ವಾರಗಳದ್ದು. ಆದರೆ "ಚೆನ್ನಾಗಿದ್ದೀನಿ" ಅನ್ನಿಸುವುದಕ್ಕೂ ಒಳಗೆ ಗಟ್ಟಿಯಾಗುವುದಕ್ಕೂ ನಡುವೆ ಅಂತರ ಇರಬಲ್ಲದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಪ್ರಯೋಗ ನನಗೆ ಬೇರೆ ಸಿಕ್ಕಿಲ್ಲ. ಲಕ್ಷಣಗಳು ಪೂರ್ತಿ ಮಾಯವಾದ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಸಬೇಕು ಎಂಬ ವೈದ್ಯಕೀಯ ನಿಯಮ ಮರುಕಳಿಕೆಗಳನ್ನು ನೋಡಿ ನೋಡಿ ರೂಪುಗೊಂಡದ್ದು. ಅದಕ್ಕೊಂದು ಜೈವಿಕ ಕಾರಣವನ್ನು ಇಂಥ ಪ್ರಯೋಗಗಳು ಒದಗಿಸುತ್ತವೆ.

ಮಾತ್ರೆ ಮತ್ತೆ ಶುರುವಾಯಿತು. ಈ ಬಾರಿ ಯಾವ ತಿಂಗಳವರೆಗೆ, ಆಮೇಲೆ ಹೇಗೆ ಇಳಿಸುತ್ತೇವೆ ಎಂಬುದನ್ನು ಅವರ ಅಳತೆ ಪುಸ್ತಕದ ಕೊನೆಯ ಪುಟದಲ್ಲೇ ಬರೆಸಿದೆವು. ಜೀವನವಿಡೀ ಎಂಬ ಭಯಕ್ಕೆ ದಿನಾಂಕಕ್ಕಿಂತ ಒಳ್ಳೆಯ ಉತ್ತರವಿಲ್ಲ. ರಾತ್ರಿ ಒಂಬತ್ತಕ್ಕೆ ಮೆಷಿನ್ ನಿಲ್ಲಬೇಕು, ದಿನಕ್ಕೆ ಇಷ್ಟೇ ಬ್ಲೌಸ್ ಎಂಬ ಮಿತಿಯನ್ನು ಮಗಳು ವಹಿಸಿಕೊಂಡಳು.

ಬೈಕಿನ ಸದ್ದು

ಎರಡನೇ ಸಲದ ಚೇತರಿಕೆ ಚೆನ್ನಾಗಿಯೇ ಸಾಗಿತು. ಮನಸ್ಸು ಹಗುರಾಯಿತು, ಅಳತೆ ನೆನಪಿರತೊಡಗಿತು, ಧಾರೆ ಸೀರೆಯ ಬ್ಲೌಸ್ ಕೂಡ ಹೊಲಿದರು. ಒಂದು ಮಾತ್ರ ಹೋಗಲಿಲ್ಲ. ಮನೆ ಮುಂದೆ ಬೈಕ್ ನಿಂತ ಸದ್ದಾದರೆ ಕೈ ನಡುಗಿ, ಎದೆ ಹೊಡೆದುಕೊಂಡು, ಹಿಂದಿನ ಕೋಣೆಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದರು. ವಸೂಲಿಯವರು ಮನೆಗೆ ಬರುವುದು ನಿಂತು ತಿಂಗಳುಗಳೇ ಆಗಿದ್ದವು. ಬಂದವರು ಹಾಲಿನವರೋ ಗಿರಾಕಿಯ ಗಂಡನೋ ಆಗಿರುತ್ತಿದ್ದರು. ಸಮಯ ಕಳೆದಂತೆ ತಾನಾಗಿ ಹೋಗುತ್ತದೆ ಎಂದು ಮನೆಯವರು ಕಾದರು.

ಕಾಯುವುದು ಸಾಕಾಗದು ಎಂದು ನಾವು ಹೇಳಿದ್ದಕ್ಕೆ ಆಧಾರ ಬೆಂಗಳೂರಿನದೇ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು, ನಿಮ್ಹಾನ್ಸ್‌ನ ಶಂಕರನಾರಾಯಣ ರಾವ್ ಅವರೂ ಸೇರಿ, 2002ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಒಂದೇ ಬಗೆಯ ಒತ್ತಡ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ನರಕೋಶದ ರೆಂಬೆಗಳನ್ನು ಮೊಟಕುಗೊಳಿಸಿದರೆ, ಭಯವನ್ನು ನಿಭಾಯಿಸುವ ಅಮಿಗ್ಡಲದಲ್ಲಿ ಅವನ್ನು ಬೆಳೆಸುತ್ತದೆ ಎಂದು ಅದು ತೋರಿಸಿತು. ಒತ್ತಡವೆಂದರೆ ಎಲ್ಲೆಡೆ ಸವೆತ ಎಂಬ ನಂಬಿಕೆಯನ್ನು ತಲೆಕೆಳಗು ಮಾಡಿದ ಕೆಲಸವಿದು. 2004ರಲ್ಲಿ ಚಟರ್ಜಿ ತಂಡ ಮುಂದಿನ ಪ್ರಶ್ನೆ ಕೇಳಿತು: ಒತ್ತಡ ನಿಲ್ಲಿಸಿದರೆ ಏನಾಗುತ್ತದೆ? 21 ದಿನ ಯಾವ ಕಾಟವೂ ಇಲ್ಲದೆ ಬಿಟ್ಟ ಮೇಲೆ ಹಿಪೊಕ್ಯಾಂಪಸ್ ಮೊದಲಿನಂತಾಯಿತು. ಅಮಿಗ್ಡಲದ ಬೆಳೆದ ರೆಂಬೆಗಳು ಹಾಗೇ ಉಳಿದವು, ಇಲಿಗಳ ಆತಂಕವೂ ಉಳಿಯಿತು.

ಮರೆವು ಹೋಗಿ ಭಯ ಉಳಿದ ಶಾರದಮ್ಮನನ್ನು ನೋಡುವಾಗ ಈ ಫಲಿತಾಂಶ ಕಣ್ಣಮುಂದೆ ಬಾರದಿರಲು ಸಾಧ್ಯವಿರಲಿಲ್ಲ. ಭಯದ ಸಂಪರ್ಕಗಳು ವಿಶ್ರಾಂತಿಯಿಂದ ಕರಗದಿದ್ದರೆ, ಅವುಗಳ ಮೇಲೆ ಹೊಸ ಕಲಿಕೆಯನ್ನು ಕಟ್ಟಬೇಕು. ಬೈಕಿನ ಸದ್ದು ಕೇಳಿದ ಮೇಲೂ ಕೆಟ್ಟದ್ದೇನೂ ಆಗುವುದಿಲ್ಲ ಎಂಬುದನ್ನು ಮಿದುಳು ಮತ್ತೆ ಮತ್ತೆ ಕಲಿಯಬೇಕು, ಓಡಿಹೋಗಿ ಕದ ಹಾಕಿಕೊಂಡರೆ ಅದು ಎಂದೂ ಕಲಿಯುವುದಿಲ್ಲ. ಮಗಳು ಮೊಬೈಲಿನಲ್ಲಿ ಬೈಕಿನ ಸದ್ದು ಹಿಡಿದು ತಂದಳು. ಮೊದಲು ನಮ್ಮ ಕೋಣೆಯಲ್ಲಿ ಸಣ್ಣಗೆ ಕೇಳಿಸಿದೆವು, ಎದೆಬಡಿತ ಇಳಿಯುವವರೆಗೆ ಕೂತಿರುವುದು ಒಂದೇ ನಿಯಮ. ಆಮೇಲೆ ಮನೆಯಲ್ಲಿ, ಮೆಷಿನ್ ಮುಂದೆ ಕೂತು. ಆಮೇಲೆ ಅವರ ತಮ್ಮ ಹೇಳಿದ ಹೊತ್ತಿಗೆ ಬೈಕಿನಲ್ಲಿ ಬಂದು ಬಾಗಿಲಲ್ಲಿ ನಿಲ್ಲಿಸುವುದು, ಶಾರದಮ್ಮ ಎದ್ದು ಹೋಗಿ ಬಾಗಿಲು ತೆರೆಯುವುದು. ಕೊನೆಗೆ ಹೇಳದ ಹೊತ್ತಿಗೆ. ನಡುವೆ ಒಮ್ಮೆ ಅತ್ತು, "ಇವತ್ತ್ ಬೇಡ ಕಣಪ್ಪಾ" ಎಂದು ತಮ್ಮನನ್ನು ವಾಪಸ್ ಕಳಿಸಿದ್ದರು. ಹಿಂದಿನ ಮೆಟ್ಟಿಲಿಗೆ ಇಳಿದು ಮತ್ತೆ ಹತ್ತಿದೆವು.

ಈ ಪ್ರಕರಣದಿಂದ ಕಲಿತದ್ದು

ಇದೇ ಬಗೆಯ ರೋಗಿಗಳನ್ನು ನೋಡುವ ಸಹೋದ್ಯೋಗಿಗಳಿಗೂ ಮನೆಯಲ್ಲಿ ಇಂಥವರಿರುವವರಿಗೂ ಹೇಳಬೇಕಾದದ್ದು ಕೆಲವಿದೆ. ಮಧ್ಯವಯಸ್ಸಿನವರ ಮರೆವಿಗೆ ಸ್ಕ್ಯಾನ್‌ಗಿಂತ ಮೊದಲು ನಿದ್ದೆ, ಹಸಿವು, ಸಂತೋಷ, ಸಾಯುವ ಯೋಚನೆ ಇವುಗಳ ಬಗ್ಗೆ ಕೇಳಬೇಕು, ಯಾವ ಮಾತ್ರೆ ನುಂಗುತ್ತಿದ್ದಾರೆ ಎಂದು ಪೊಟ್ಟಣ ತರಿಸಿ ನೋಡಬೇಕು. ಖಿನ್ನತೆಯ ಮರೆವು ಎಂದು ತಿಳಿದಾಗಲೂ ಕಡತ ಮುಚ್ಚಬಾರದು, ಏಕೆಂದರೆ ವಯಸ್ಸಾದವರಲ್ಲಿ ಖಿನ್ನತೆ ಮತ್ತು ನಿಜವಾದ ಮರೆವಿನ ಕಾಯಿಲೆ ಜೊತೆಜೊತೆಗೇ ಇರುವುದುಂಟು, ನೆನಪಿನ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬೇಕು. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಚೇತರಿಕೆಯ ಏರುಪೇರು. ಮನಸ್ಸು, ನೆನಪು, ಭಯ ಮೂರೂ ಒಟ್ಟಿಗೆ ಹಾಳಾಗಿದ್ದವು, ಆದರೆ ಬೇರೆಬೇರೆ ಹೊತ್ತಿಗೆ, ಬೇರೆಬೇರೆ ದಾರಿಯಿಂದ ಸರಿಹೋದವು. ಒಂದು ಅಂಕೆ ಇಳಿದದ್ದನ್ನು ನೋಡಿ ಎಲ್ಲವೂ ಮುಗಿಯಿತು ಎಂದುಕೊಂಡಿದ್ದರೆ ಭಯವನ್ನು ಯಾರೂ ಮುಟ್ಟುತ್ತಲೇ ಇರಲಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಖಿನ್ನತೆಯಿರುವವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಗುವುದಿಲ್ಲ. ಸಿಕ್ಕ ಹದಿನೈದು ಮಂದಿಯನ್ನಾದರೂ ಅರ್ಧದಾರಿಯಲ್ಲಿ ಕೈಬಿಡದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಪುಟದಲ್ಲಿ ಬರೆಸಿದ್ದ ತಿಂಗಳು ಬಂದಾಗ ಎಸ್ಸಿಟಲೋಪ್ರಾಮ್ ಅನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದೆವು. ಕೊನೆಯ ಭೇಟಿಯಲ್ಲಿ ಅಂಕ 4. ಒಂದು ಸಾಲ ತೀರಿದೆ, ಎರಡು ಬಾಕಿ. ಮೂರು ಗಂಟೆಗೆ ಎಚ್ಚರವಾಗುವುದು ಒಂದು ವಾರ ಮುಂದುವರಿದರೆ ಕಾಯದೆ ಬರಬೇಕೆಂದು ಒಪ್ಪಂದವಾಗಿದೆ, ಏಕೆಂದರೆ ಎರಡೂ ಸಲ ಮೊದಲು ಕೆಟ್ಟದ್ದು ನಿದ್ದೆಯೇ. ಅಳತೆಯನ್ನು ಅವರು ಈಗಲೂ ಒಂದೊಂದಾಗಿಯೇ ಬರೆದುಕೊಳ್ಳುತ್ತಾರೆ. ಕೆಲಸ ಕಲಿಯಲು ಬರುತ್ತಿರುವ ಇಬ್ಬರು ಹುಡುಗಿಯರಿಗೂ ಹಾಗೆಯೇ ಹೇಳಿಕೊಡುತ್ತಿದ್ದಾರೆ.